ಬ್ಯಾನರ್‌ನಲ್ಲಿ ಯಾರ ಹೆಸರು?

ಪ್ರಶ್ನೆ: ಅಕ್ಕಾ, ನಮ್ಮ ಬೀದಿಯ ಒಂದು ತುದಿಗೆ ಆಂಜನೇಯನ ಗುಡಿ, ಇನ್ನೊಂದು ತುದಿಗೆ ಮಸೀದಿ. ನಡುವೆ ಟ್ರಾನ್ಸ್‌ಫಾರ್ಮರ್ ಕೆಳಗೆ ಕಸದ ರಾಶಿ. ಎಲ್ಲರೂ ಸೇರಿ ತೆಗೆಯೋಣ ಎಂದು ಗುಡಿಯ ಸಮಿತಿಯವರೇ ಮುಂದೆ ಬಂದಿದ್ದಾರೆ. ಆದರೆ ಬ್ಯಾನರ್‌ನಲ್ಲಿ ಗುಡಿಯ ಹೆಸರಿರಬೇಕು ಅಂತಾರೆ. ಮಸೀದಿ ಕಡೆಯ ಹುಡುಗರು, ನಮ್ಮ ಸ್ತ್ರೀಶಕ್ತಿ ಸಂಘದವರು ಹಿಂದೆಮುಂದೆ ನೋಡುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೇಳದೆಯೇ ಮುಂದೆ ಬಂದವರು ಅವರು. ಅವರ ಮನಸ್ಸು ಮುರಿಯಬೇಡಿ. ಬ್ಯಾನರ್ ಮಾತ್ರ ಬೇಡ ಅನ್ನಿ.

ನಾನು ಮಂಗಳೂರಿನವಳು. 2015ರಲ್ಲಿ ಇಲ್ಲಿನ ರಾಮಕೃಷ್ಣ ಮಿಷನ್‌ನವರು ಸ್ವಚ್ಛ ಮಂಗಳೂರು ಅಭಿಯಾನ ಶುರು ಮಾಡಿದರು. ಭಾನುವಾರ ಬೆಳಿಗ್ಗೆ ಸ್ವಾಮೀಜಿಗಳೇ ಪೊರಕೆ ಹಿಡಿದು ಬೀದಿಗಿಳಿಯುತ್ತಿದ್ದರು. ಕಾಲೇಜು ಮಕ್ಕಳು, ಊರಿನ ಸಂಘದವರು ಜೊತೆಗೂಡಿದರು. ಮೊದಲ ಹಂತವೇ 40 ವಾರ. ಗೋಡೆಗಳಿಗೆ ಬಣ್ಣ ಬಳಿದರು, ಎಲ್ಲೆಂದರಲ್ಲಿ ಕಟ್ಟಿದ್ದ ಬ್ಯಾನರ್‌ಗಳನ್ನೂ ಕಿತ್ತರು. ನಾನು ಹೋದ ದಿನ ಯಾರೂ ಏನೂ ಕೇಳಲಿಲ್ಲ. ಕೈಗೊಂದು ಪೊರಕೆ ಕೊಟ್ಟರು, ಅಷ್ಟೆ.

ಆ ಹುರುಪಿನಲ್ಲಿ ನಮ್ಮ ಬೀದಿಯಲ್ಲೂ ಶುರು ಮಾಡಿದೆವು. ಅಲ್ಲೇ ಎಡವಿದ್ದು. ಮೊದಲ ವಾರ ನಮ್ಮ ಭಜನಾ ಮಂಡಳಿಯ ಬ್ಯಾನರ್ ಕಟ್ಟಿದೆವು. ಮೂವತ್ತು ಜನ ಬಂದರು. ಮರುವಾರ ಒಂಬತ್ತೇ ಜನ. ಹಿಂದಿನ ಓಣಿಯ ಕ್ರೈಸ್ತ ಹೆಂಗಸರು ಒಬ್ಬರೂ ಇಲ್ಲ. ಮನೆಗೇ ಹೋಗಿ ಕೇಳಿದೆ. ‘ಅದು ನಿಮ್ಮ ಕಾರ್ಯಕ್ರಮ ಅಲ್ವಾ?’ ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಮೂರನೇ ವಾರ ಬ್ಯಾನರ್ ಮಡಚಿಟ್ಟೆವು. ಮಂಡಳಿಯ ಅಡುಗೆಮನೆಯಿಂದ ಅವಲಕ್ಕಿ, ಸಜ್ಜಿಗೆ ಬಂತು. ಅವರ ಮನೆಗಳಿಂದ ಹಾರೆ, ಬುಟ್ಟಿ ಬಂದವು. ಹೆಂಗಸರೂ ಬಂದರು.

ನಿಮ್ಮಲ್ಲಿ ಮೊದಲ ಸಭೆ ಗುಡಿಯಲ್ಲೂ ಬೇಡ, ಮಸೀದಿಯಲ್ಲೂ ಬೇಡ. ಅಂಗನವಾಡಿ ಜಗಲಿ ಸಾಕು. ಶುಕ್ರವಾರ ನಮಾಜ್ ಆದ ಮೇಲೆ, ಶನಿವಾರ ಮಂಗಳಾರತಿ ಆದ ಮೇಲೆ, ಎರಡೂ ಕಡೆ ಒಂದೇ ಚೀಟಿ ಓದಿಸಿ. ಭಾನುವಾರ ಎಲ್ಲರೂ ಸೇರಲಿ. ರಂಜಾನ್ ತಿಂಗಳಾದರೆ ಉಪವಾಸ ಇದ್ದವರಿಗೆ ಹಾರೆ ಕೆಲಸ ಹಚ್ಚಬೇಡಿ.

ಇನ್ನೊಂದು ಮಾತು. ರಾಶಿ ತೆಗೆಯೋದು ಸುಲಭ, ಅದು ಮತ್ತೆ ಬೀಳದ ಹಾಗೆ ನೋಡೋದೇ ಕಷ್ಟ. ಯಾರ ಮನೆಯಿಂದ, ಎಷ್ಟು ಹೊತ್ತಿಗೆ ಅಲ್ಲಿಗೆ ಕಸ ಬರುತ್ತದೆ ಎಂದು ಸಂಘದ ಹೆಂಗಸರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ. ನಮ್ಮಲ್ಲಿ ಬೈಗುಳ ತಿಂದಿದ್ದು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರು. ಕಸದ ಗಾಡಿ ಬರುವ ಹೊತ್ತಿಗೆ ಅವರ ಮನೆಗೆ ಬೀಗ. ಮತ್ತೆಲ್ಲಿ ಹಾಕುತ್ತಾರೆ ಪಾಪ? ಪೌರಕಾರ್ಮಿಕರನ್ನೂ ಕೂರಿಸಿಕೊಂಡು ಮಾತಾಡಿ. ಗಾಡಿಯ ಹೊತ್ತು ಬದಲಿಸಲು ಪಾಲಿಕೆಗೆ ಎಲ್ಲರ ಸಹಿ ಹಾಕಿ ಅರ್ಜಿ ಕೊಡಿ. ಗುಡಿಯವರ ಸಹಿ ಮೊದಲು ಇರಲಿ, ಅವರಿಗೆ ಖುಷಿಯಾಗುತ್ತದೆ.

ಟ್ರಾನ್ಸ್‌ಫಾರ್ಮರ್ ಹತ್ತಿರ ಹಾರೆ ಹಾಕುವ ಮುಂಚೆ ಬೆಸ್ಕಾಂಗೆ ತಿಳಿಸಿ, ಮರೆಯಬೇಡಿ. ಮೂರನೇ ಭಾನುವಾರ ಎಷ್ಟು ಜನ ಬಂದರು ಎಂದು ನನಗೆ ಬರೆಯಿರಿ.