ಓದುಗರ ಪ್ರಶ್ನೆ: ಕವಚದ ವಾಹನವಿದ್ದರೂ ನಡಿಗೆ ಏಕೆ?

ಪ್ರಶ್ನೆ: ನನ್ನ ಮಗ ಸಿಆರ್‌ಪಿಎಫ್ ಸೇರಿ ಎರಡು ವರ್ಷವಾಯಿತು. ಈಗ ಛತ್ತೀಸಗಢದಲ್ಲಿದ್ದಾನೆ. ಕ್ಯಾಂಪಿನಲ್ಲಿ ಕವಚವಿರುವ ಗಸ್ತು ವಾಹನಗಳಿದ್ದರೂ ಎಷ್ಟೋ ಸಲ ಕಾಡಿನ ದಾರಿಯಲ್ಲಿ ನಡೆದೇ ಹೋಗುತ್ತಾರಂತೆ. ವಾಹನವಿದ್ದೂ ನಡೆಸುವುದೇಕೆ? ಆ ವಾಹನಗಳನ್ನು ನಂಬಬಹುದೇ?
– ತಾಳವಾಡಿಯ ಓದುಗರೊಬ್ಬರು, ಈರೋಡ್ ಜಿಲ್ಲೆ

ಉತ್ತರ: ಮಾನ್ಯರೇ, ತಮ್ಮ ಪತ್ರವನ್ನು ಎರಡು ಸಲ ಓದಿದೆ. ಸೇನೆಯ ವಾಹನ ದುರಸ್ತಿ ಕಾರ್ಯಾಗಾರದಲ್ಲಿ ಬಹುಕಾಲ ದುಡಿದವನಾದ್ದರಿಂದ, ಬರೀ ಸಮಾಧಾನದ ಮಾತು ಹೇಳಿ ತಮ್ಮನ್ನು ಕಳುಹಿಸಲು ಮನಸ್ಸು ಒಪ್ಪುವುದಿಲ್ಲ. ಆ ವಾಹನಗಳನ್ನು ಗುಂಡಿನ ಮಟ್ಟಿಗೆ ಬಹುಪಾಲು ನಂಬಬಹುದು; ನೆಲದಡಿ ಹೂತಿಟ್ಟ ಸಿಡಿಮದ್ದಿನ ಮಟ್ಟಿಗೆ ಒಂದು ಮಿತಿಯವರೆಗೆ ಮಾತ್ರ ನಂಬಬಹುದು. ತಮ್ಮ ಮಗನನ್ನು ನಡೆಸುತ್ತಿರುವುದು ಆ ಮಿತಿಯನ್ನು ಬಲ್ಲವರೇ.

ಅಮೆರಿಕ, ಯುರೋಪುಗಳ ಸೇನಾ ಒಕ್ಕೂಟವಾದ ನ್ಯಾಟೋ ದೇಶಗಳು ಇಂಥ ವಾಹನಗಳ ರಕ್ಷಣೆಯನ್ನು ದರ್ಜೆಗಳಾಗಿ ವಿಂಗಡಿಸಿವೆ. ಕೆಳಗಿನ ದರ್ಜೆಯ ಕವಚ ಸಾಮಾನ್ಯ ರೈಫಲ್ ಗುಂಡನ್ನು ತಡೆಯುತ್ತದೆ. ಎರಡನೆಯದು ಎಕೆ ಬಂದೂಕಿನ ಕವಚಭೇದಿ ಗುಂಡನ್ನೂ ತಡೆಯಬೇಕು. ನೆಲಬಾಂಬಿನ ಲೆಕ್ಕವೇ ಬೇರೆ. ಅಲ್ಲಿ ಎರಡನೆಯ ದರ್ಜೆಯೆಂದರೆ 6 ಕಿಲೋ, ಮೂರನೆಯದು 8 ಕಿಲೋ, ನಾಲ್ಕನೆಯದು 10 ಕಿಲೋ ಸಿಡಿಮದ್ದು ಚಕ್ರದಡಿಯಲ್ಲೋ ಹೊಟ್ಟೆಯಡಿಯಲ್ಲೋ ಸಿಡಿದರೂ ಒಳಗಿನವರು ಬದುಕಿ ಉಳಿಯಬೇಕು. ಆದರೆ ಛತ್ತೀಸಗಢದ ಬಸ್ತರ್ ಸೀಮೆಯ ಮಣ್ಣು ರಸ್ತೆಗಳಲ್ಲಿ ನಕ್ಸಲರು ಹೂತಿಡುವುದು ಕಾರ್ಖಾನೆಯಲ್ಲಿ ತಯಾರಾದ ನೆಲಬಾಂಬನ್ನಲ್ಲ. ಡಬ್ಬಿಗಳಲ್ಲಿ, ಕ್ಯಾನುಗಳಲ್ಲಿ ಹತ್ತಾರು ಕಿಲೋ ಮದ್ದು ತುಂಬಿ, ತಂತಿ ಎಳೆದು, ದೂರದಲ್ಲಿ ಕುಳಿತವನು ಹೊತ್ತು ನೋಡಿ ಸಿಡಿಸುತ್ತಾನೆ. 2018ರ ಮಾರ್ಚ್ 13ರಂದು ಸುಕ್ಮಾ ಜಿಲ್ಲೆಯ ಕಿಸ್ತಾರಾಮ್ ಬಳಿ ಸಿಆರ್‌ಪಿಎಫ್‌ನ ಒಂಬತ್ತು ಜವಾನರು ತೀರಿಕೊಂಡದ್ದು ಬರಿಯ ಜೀಪಿನಲ್ಲಲ್ಲ, ನೆಲಬಾಂಬ್ ತಡೆಯಲೆಂದೇ ಕಟ್ಟಿದ ವಾಹನದಲ್ಲಿ.

ಹಾಗೆಂದು ಆ ವಾಹನ ವ್ಯರ್ಥವೆಂದು ತಿಳಿಯಬಾರದು. ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡು ನಮ್ಮ ಸೇನೆಗೂ ಬಂದ ಕ್ಯಾಸ್ಪಿರ್ ಎಂಬ ಇಂಥದೇ ವಾಹನದ ಅಡಿಭಾಗವನ್ನು ನೋಡಿದರೆ ಅದರ ಮರ್ಮ ತಿಳಿಯುತ್ತದೆ: ದೋಣಿಯ ತಳದಂತೆ ಎರಡೂ ಕಡೆಯಿಂದ ಇಳಿಜಾರಾಗಿ ನಡುವೆ ಕೂಡಿರುವ ಉಕ್ಕು, ನೆಲದಿಂದ ಸಾಕಷ್ಟು ಮೇಲಿರುತ್ತದೆ. ಸ್ಫೋಟದ ಒತ್ತಡ ಅದಕ್ಕೆ ನೇರವಾಗಿ ಗುದ್ದದೆ ಪಕ್ಕಗಳಿಗೆ ಜಾರುತ್ತದೆ. ಚಕ್ರ, ಆಕ್ಸಲ್ ಹಾರಿಹೋದರೂ ಜನ ಕುಳಿತಿರುವ ಪೆಟ್ಟಿಗೆ ಉಳಿಯುತ್ತದೆ. ಚಪ್ಪಟೆ ತಳದ ಜೀಪಿನಲ್ಲಿ ಅದೇ ಒತ್ತಡ ನೆಲವನ್ನೇ ಮೇಲಕ್ಕೆತ್ತಿ ಕುಳಿತವರ ಕಾಲು, ಬೆನ್ನೆಲುಬು ಮುರಿಯುತ್ತದೆ. ಇದಕ್ಕಾಗಿಯೇ ಹೊಸ ವಾಹನಗಳಲ್ಲಿ ಆಸನವನ್ನು ನೆಲಕ್ಕೆ ಬಿಗಿಯದೆ ಗೋಡೆಗೋ ಮೇಲ್ಛಾವಣಿಗೋ ತೂಗುಹಾಕುತ್ತಾರೆ.

ನಮ್ಮ ಸೀಮೆಯವರಿಗೆ ಇದನ್ನು ಬಹಳ ವಿವರಿಸಬೇಕಿಲ್ಲ. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಪಾಲಾರ್ ಬಳಿ ರಸ್ತೆಯಡಿ ಹೂತಿಟ್ಟ ಸಿಡಿಮದ್ದಿಗೆ 22 ಜನ ಬಲಿಯಾದರು. ಅವರು ಹೋಗುತ್ತಿದ್ದ ವಾಹನಗಳಿಗೆ ಯಾವ ಕವಚವೂ ಇರಲಿಲ್ಲ. ಕಾಡಿನಲ್ಲಿ ವಾಹನ ಹೋಗಬಲ್ಲ ದಾರಿ ಇರುವುದೇ ಒಂದೋ ಎರಡೋ. ಹೊಂಚು ಹಾಕುವವನಿಗೆ ಅಷ್ಟು ತಿಳಿದರೆ ಸಾಕು. ಕಾಲ್ನಡಿಗೆಯವರು ದಾರಿ ಬಿಟ್ಟು, ಒಬ್ಬರಿಂದೊಬ್ಬರು ದೂರವಿದ್ದು ಸಾಗಬಲ್ಲರು. ರೋಡ್ ಓಪನಿಂಗ್ ಪಾರ್ಟಿಯವರು ಮೊದಲು ನಡೆದು ರಸ್ತೆ, ಮೋರಿಗಳನ್ನು ಪರೀಕ್ಷಿಸಿದ ಮೇಲೆ ವಾಹನ ಬಿಡುವುದೂ ಇದೇ ಕಾರಣಕ್ಕೆ.

ಮಗನಿಗೆ ಒಂದು ಮಾತು ಬರೆಯಿರಿ: ವಾಹನದಲ್ಲಿ ಕುಳಿತಾಗ ಸೆಕೆಯೆಂದು ಬೆಲ್ಟ್ ಬಿಚ್ಚಬಾರದು, ಹೆಲ್ಮೆಟ್ ತೆಗೆಯಬಾರದು. ಉಕ್ಕು ತಡೆದರೂ ವಾಹನ ಮೇಲಕ್ಕೆ ಚಿಮ್ಮುತ್ತದೆ. ಬೆಲ್ಟ್ ಇಲ್ಲದವನ ತಲೆ ಛಾವಣಿಗೆ ಬಡಿಯುತ್ತದೆ, ಕಟ್ಟದೆ ಇಟ್ಟ ಮದ್ದುಗುಂಡಿನ ಪೆಟ್ಟಿಗೆ ಪಕ್ಕದವನ ಮೇಲೆ ಬೀಳುತ್ತದೆ.

ಪ್ರಶ್ನೆ: ಹಗುರ ಜೀಪಿಗೇ ದಪ್ಪ ತಗಡು ಹೊದಿಸಿದರೆ ವೇಗವೂ ಉಳಿದು ರಕ್ಷಣೆಯೂ ಸಿಗುವುದಿಲ್ಲವೇ?
– ಹೊಸೂರಿನ ಓದುಗರೊಬ್ಬರು, ವಾಹನ ಕಾರ್ಖಾನೆಯ ಕಾರ್ಮಿಕ

ಉತ್ತರ: ತಾವು ತಗಡಿನ ನಡುವೆಯೇ ಕೆಲಸ ಮಾಡುವವರು, ಲೆಕ್ಕ ತಮಗೇ ತಿಳಿದೀತು. ಒಂದು ಚದರ ಮೀಟರ್ ಅಗಲದ 6 ಮಿ.ಮೀ. ಉಕ್ಕು ಸುಮಾರು 47 ಕಿಲೋ ತೂಗುತ್ತದೆ, ಗುಂಡು ತಡೆಯುವ 40 ಮಿ.ಮೀ. ದಪ್ಪದ ಪದರಗಾಜು ಅಷ್ಟೇ ಅಗಲಕ್ಕೆ ನೂರು ಕಿಲೋದ ಹತ್ತಿರಕ್ಕೆ ಬರುತ್ತದೆ. ಅಂಥ ಬಾಗಿಲೊಂದನ್ನು ಇಳಿಜಾರಿನಲ್ಲಿ ನಿಂತ ವಾಹನದಿಂದ ತೆರೆಯಲು ನಾನು ಎರಡೂ ಕೈ ಹಾಕಿ ಭುಜವನ್ನೂ ಕೊಡಬೇಕಾಯಿತು. ಗಾಯಗೊಂಡವನು ಒಳಗಿನಿಂದ ಅದನ್ನು ಹೇಗೆ ತೆರೆದಾನು ಎಂಬ ಯೋಚನೆ ಆ ದಿನವೆಲ್ಲ ಬಿಡಲಿಲ್ಲ. ಆ ಗಾಜಿನ ಅಂಚುಗಳಲ್ಲಿ ಪದರ ಬಿಟ್ಟುಕೊಂಡು ಹಾಲಿನಂಥ ಮಸುಕು ಹಬ್ಬಿತ್ತು. ಬಿಸಿಲಿನ ಪ್ರದೇಶಗಳಲ್ಲಿ ಇದು ಸಾಮಾನ್ಯ ಕಾಯಿಲೆ.

ಅಮೆರಿಕದ ಹಮ್‌ವೀ ಮೂಲತಃ ಸುಮಾರು ಎರಡೂವರೆ ಟನ್ನಿನ ವಾಹನ. ಇರಾಕ್‌ನಲ್ಲಿ ಕವಚ ಹೊದಿಸಿದಾಗ ಅದು ನಾಲ್ಕು ಟನ್ ಮೀರಿತು. ಎಂಜಿನ್, ಬ್ರೇಕ್, ಸ್ಪ್ರಿಂಗುಗಳಿಗೆ ಭಾರ ಹೆಚ್ಚಿ, ವಾಹನ ಮಗುಚುವ ಅಪಾಯವೂ ಹೆಚ್ಚಿತು, ಚಪ್ಪಟೆ ತಳ ಮಾತ್ರ ಹಾಗೆಯೇ ಉಳಿಯಿತು. ಬ್ರಿಟನ್ನಿನ ಸ್ನ್ಯಾಚ್ ಲ್ಯಾಂಡ್ ರೋವರ್ ಉತ್ತರ ಐರ್ಲೆಂಡಿನ ಬೀದಿಗಳಿಗೆಂದು ಕವಚ ತೊಟ್ಟದ್ದು. ಅದನ್ನೇ ಇರಾಕ್, ಅಫ್ಘಾನಿಸ್ತಾನಗಳಿಗೆ ಕಳುಹಿಸಿದ್ದರಿಂದ ಅದರಲ್ಲಿ 37 ಬ್ರಿಟಿಷ್ ಸೈನಿಕರು ಸತ್ತರು. ಒಂದು ಕೆಲಸಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಹೂಡಿದ ತಪ್ಪು ಅದು, ಮತ್ತು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ತಪ್ಪು. ಹೋಗಲಿ, 2007ರಿಂದ ಅಮೆರಿಕ ದೊಡ್ಡ ಸಂಖ್ಯೆಯಲ್ಲಿ ಇಳಿಸಿದ ಭಾರೀ ನೆಲಬಾಂಬ್‌ನಿರೋಧಕ ವಾಹನಗಳಾದರೂ ಸಾಕೇ ಎಂದರೆ, ಅವು ಅಫ್ಘಾನಿಸ್ತಾನದ ಕಿರಿದಾದ ಗುಡ್ಡದ ದಾರಿಗಳಲ್ಲಿ ತಿಣುಕಿದವು. ದಿಂಬಂ ಘಾಟಿಯ 27 ತಿರುವುಗಳಲ್ಲಿ ಭಾರದ ಲಾರಿ ಸಿಕ್ಕಿಕೊಳ್ಳುವುದನ್ನು ಕಂಡವರು ಅದನ್ನು ಊಹಿಸಬಲ್ಲರು.

ಹಗುರ ವಾಹನದ ಬಲವಿರುವುದು ಅಲ್ಲಿಯೇ. ಹಳ್ಳಿಯ ಮೋರಿ ಅದರ ಭಾರ ತಾಳುತ್ತದೆ, ಓಣಿಯಲ್ಲಿ ತಿರುಗುತ್ತದೆ, ಹೊಂಚುದಾಳಿಯ ಜಾಗದಿಂದ ಬೇಗ ಹೊರಬೀಳುತ್ತದೆ. ಮುಂಬೈಯಲ್ಲಿ 2008ರ ನವೆಂಬರ್ 26ರಂದು ಆರಂಭವಾದ ದಾಳಿಯ ನಂತರ ನಮ್ಮಲ್ಲಿ ಬಂದ ಮಹೀಂದ್ರ ಮಾರ್ಕ್ಸ್‌ಮನ್ ಎಂಬ ಹಗುರ ಕವಚ ವಾಹನ ನಗರದ ಗುಂಡಿನ ಕಾಳಗಕ್ಕೆ ತಕ್ಕುದು. 2021ರಲ್ಲಿ ಸೇನೆ 1,056 ಕೋಟಿ ರೂಪಾಯಿಗೆ ಬೇಡಿಕೆಯಿಟ್ಟ 1,300 ಹಗುರ ವಾಹನಗಳೂ ಇದೇ ಜಾತಿಯವು.

ಪ್ರಶ್ನೆ: ಟೈರಿಗೆ ಗುಂಡು ತಗುಲಿದರೆ ಇವು ಅಲ್ಲೇ ನಿಲ್ಲುತ್ತವೆಯೇ?
– ಕೃಷ್ಣಗಿರಿಯ ವಿದ್ಯಾರ್ಥಿನಿ

ಉತ್ತರ: ಇಲ್ಲ. ಟೈರಿನೊಳಗೆ ರಿಮ್ಮಿನ ಸುತ್ತ ಗಟ್ಟಿ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಬಳೆ ಇರುತ್ತದೆ. ಗಾಳಿ ಹೋದರೆ ವಾಹನ ಆ ಬಳೆಯ ಮೇಲೆ ನಿಂತು, ವೇಗ ತಗ್ಗಿಸಿಕೊಂಡು ಹತ್ತಾರು ಕಿಲೋಮೀಟರ್ ಓಡಬಲ್ಲದು. ಆ ಬಳೆಯೂ ಚಕ್ರದ ತೂಕ ಹೆಚ್ಚಿಸುತ್ತದೆ. ಅಂಥ ಟೈರನ್ನು ರಿಮ್ಮಿನಿಂದ ಬಿಡಿಸಲು ಪಂಕ್ಚರ್ ಅಂಗಡಿಯ ಸಲಾಕೆ ಸಾಲದು. ಕ್ಯಾಂಪಿನ ಕಾರ್ಯಾಗಾರಕ್ಕೇ ತರಬೇಕಾಗುತ್ತದೆ.