ಏಳನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ. ದಿನಾ ಏನಾದ್ರೂ ಸಾರ್ಥಕ ಕೆಲಸ ಮಾಡ್ಬೇಕು, ಇಲ್ಲಾಂದ್ರೆ ಆಮೇಲೆ ಕೊರಗ್ಬೇಕಾಗುತ್ತೆ ಅಂತ ನೀವು ಬರ್ದಿರೋ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ನಮ್ಮ ಪತ್ರಿಕೇಲಿ ಹಾಕೋಕಾಗಲ್ಲ, ನೇರವಾಗೇ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ.

ಮೊದಲ ಆರು ಪ್ಯಾರಾ ಪೂರ್ತಿ ಬುದ್ಧಿಮಾತು. ಟೈಮ್ ವೇಸ್ಟ್ ಮಾಡ್ಬೇಡಿ, ಹೋದ ಕಾಲ ಬರಲ್ಲ... ಇದನ್ನ ಯಾರು ಬೇಕಾದ್ರೂ ಬರೀಬಹುದು. ಏಳನೇ ಪ್ಯಾರಾದಲ್ಲಿ ನಿಮ್ಮಜ್ಜಿ ಬರ್ತಾರೆ ನೋಡಿ, ಲೇಖನಕ್ಕೆ ಜೀವ ಬರೋದೇ ಅಲ್ಲಿ. ಅವರೆಕಾಯಿ ಸುಲೀತಾ ಬೀಸೋಕಲ್ಲಿನ ಪದ ಹಾಡ್ತಿದ್ರು, ಫೋನಲ್ಲಿ ರೆಕಾರ್ಡ್ ಮಾಡ್ಕೋಬೇಕು ಅಂತ ಹಬ್ಬಕ್ಕೆ ಹೋದಾಗೆಲ್ಲ ಅಂದ್ಕೊಂಡು, ಮುಂದಿನ ಸಲ ನೋಡೋಣ ಅಂತ ನೀವು ಬಸ್ ಹತ್ತುತಿದ್ರಿ, ಹೋದ್ವರ್ಷ ಅಜ್ಜಿ ತೀರ್ಕೊಂಡ್ರು, ಈಗ ಒಂದು ಪದದ ಎರಡು ಸಾಲು ಬಿಟ್ರೆ ನಿಮಗೇನೂ ನೆನಪಿಲ್ಲ. ಬೀಸೋಕಲ್ಲಿನ ಪದ ಹೆಚ್ಚಾಗಿ ತ್ರಿಪದಿ, ಅಂದ್ರೆ ಮೂರು ಸಾಲು ಕಣ್ರೀ, ಮೂರನೇದು ಅಜ್ಜಿ ಜೊತೆ ಹೋಯ್ತು. ಇಷ್ಟು ದೊಡ್ಡ ಸಂಗತಿನ ನಾಲ್ಕು ವಾಕ್ಯದಲ್ಲಿ ಮುಗಿಸಿ ಮತ್ತೆ ಉಪದೇಶಕ್ಕೆ ಓಡಿದೀರ, ಆ ಎರಡು ಸಾಲು ಯಾವುದು ಅಂತ ಕೂಡ ಬರ್ದಿಲ್ಲ!

ಆಮೇಲೆ 'ಮಹನೀಯರು ಒಂದು ಕ್ಷಣವೂ ಹಾಳು ಮಾಡ್ಲಿಲ್ಲ' ಅಂತೀರ. ಯಾರು, ಏನು ಮಾಡಿದ್ರು? ನಿಮ್ಮ ಕಥೆಗೇ ಹೊಂದೋರು ಇದಾರೆ. ವಿಜಯಪುರ ಜಿಲ್ಲೆ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಅವರ ಗೆಳೆಯರು ಹೆಂಗಸರು ಬೀಸ್ತಾ ಕುಟ್ತಾ ಹಾಡೋ ಪದಗಳನ್ನ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಅನ್ನೋ ಪುಸ್ತಕ ತಂದ್ರು. ಆಮೇಲೆ ಊರೂರಿಗೆ ಹಿಟ್ಟಿನ ಗಿರಣಿ ಬಂತು, ಬೀಸೋಕಲ್ಲು ಮೂಲೆ ಸೇರ್ತು, ಹಾಡೋ ಹೊತ್ತೇ ಇಲ್ದಂಗಾಯ್ತು. ಇವರೂ ಮುಂದಿನ ಸಲ ಬರ್ಕೊಂಡ್ರಾಯ್ತು ಅಂದಿದ್ರೆ ಎಷ್ಟು ಪದ ಹಾಗೇ ಹೋಗ್ತಿತ್ತೋ. ನಮ್ಮ ಸೋದರತ್ತೆ ಹಾಡ್ತಿದ್ದ ಸೋಬಾನೆ ಪದ ನಾನೂ ಬರ್ಕೊಳ್ಳಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಅಜ್ಜಿ ತಂಗಿ ಇನ್ನೂ ಊರಲ್ಲೇ ಇದಾರೆ ಅಂತ ಕೊನೇಲಿ ಬರ್ದಿದೀರಲ್ಲ, ಲೇಖನ ತಿದ್ದೋದು ಆಮೇಲೆ, ಮೊದ್ಲು ಈ ಭಾನುವಾರ ಅಲ್ಲಿಗೆ ಹೋಗಿ. ಹಾಡಿ ಅಂತ ಫೋನ್ ಮುಂದೆ ಹಿಡಿದ್ರೆ ನಾಚ್ಕೋತಾರೆ, ಅದ್ಕೆ ಜೊತೇಲಿ ಕೂತು ಕಾಳೋ ಸೊಪ್ಪೋ ಬಿಡಿಸ್ತಾ, ನಿಮಗೆ ನೆನಪಿರೋ ಎರಡು ಸಾಲು ತಪ್ಪುತಪ್ಪಾಗಿಯಾದ್ರೂ ನೀವೇ ಹೇಳಿ, ಮೂರನೇದು ಅವರಿಗೆ ಬರುತ್ತಾ ಕೇಳಿ. ಬಂದ್ರೂ ಬರ್ದೇ ಇದ್ರೂ ಅವತ್ತು ಏನಾಯ್ತೋ ಅದನ್ನೇ ಬರ್ದು ಕಳ್ಸಿ, ಮುಂದಿನ ತಿಂಗಳ ಸಂಚಿಕೇಲಿ ಎರಡು ಪೇಜ್ ಇಟ್ಟಿರ್ತೀನಿ.