ಪ್ರತಿಕ್ರಿಯೆ: ನಮ್ಮ ವಕೀಲರೇ ಸಾಕ್ಷಿ ವಿಚಾರಣೆ ಮಾಡಬಹುದೇ?

ತಮ್ಮನ ಮೇಲಿನ ಹಲ್ಲೆ ಕೇಸಿನಲ್ಲಿ ನಿಮ್ಮ ವಕೀಲರು ವಕಾಲತ್ತು ಹಾಕಿದರೂ ಮ್ಯಾಜಿಸ್ಟ್ರೇಟರು ಸಾಕ್ಷಿ ವಿಚಾರಣೆಗೆ ಬಿಡಲಿಲ್ಲ, ಏಕೆ ಎಂದು ಕೇಳಿದ್ದೀರಿ. ಬರೀ ವಕಾಲತ್ತು ಸಾಲದು ಸರ್. ಚಾರ್ಜ್‌ಶೀಟ್ ಆದ ಕೇಸನ್ನು ನಡೆಸುವುದು ಸರ್ಕಾರ: ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು), ಸೆಷನ್ಸ್‌ನಲ್ಲಿ ಪಿಪಿ (ಸರ್ಕಾರಿ ಅಭಿಯೋಜಕರು).

ನಿಮಗೆ ಎರಡು ದಾರಿಗಳಿವೆ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಕಲಂ 338ರಡಿ ನಿಮ್ಮ ವಕೀಲರು ಎಪಿಪಿ ಹೇಳಿದಂತೆ ನೆರವಾಗಬಹುದು. ಸಾಕ್ಷ್ಯ ಮುಗಿದ ಮೇಲೆ, ಕೋರ್ಟಿನ ಅನುಮತಿ ಪಡೆದು, ಲಿಖಿತ ವಾದ ಕೊಡಬಹುದು. ಕೇಸನ್ನೇ ನಡೆಸಬೇಕೆಂದರೆ ಕಲಂ 339ರಡಿ ಪ್ರತ್ಯೇಕ ಅರ್ಜಿ ಬೇಕು. ಈ ಅವಕಾಶ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಾತ್ರ, ಸೆಷನ್ಸ್‌ನಲ್ಲಿಲ್ಲ. ಏಕೆ ಬೇಕೆಂಬುದಕ್ಕೆ ಕಾರಣ ಸ್ಪಷ್ಟವಾಗಿ ಬರೆಯಿಸಿ. ಅನುಮತಿ ಕೊಡುವುದು ಬಿಡುವುದು ಮ್ಯಾಜಿಸ್ಟ್ರೇಟರ ವಿವೇಚನೆ. 2024ರ ಜುಲೈ 1ಕ್ಕಿಂತ ಮೊದಲೇ ಬಾಕಿ ಇದ್ದ ಕೇಸಾದರೆ ಹಳೆಯ ಕಾನೂನಾದ ಸಿಆರ್‌ಪಿಸಿಯ ಕಲಂ 301, 302 ಎಂದು ನಮೂದಿಸಬೇಕು.

ನನ್ನ ಸಲಹೆ, ಮೊದಲು 338ರ ದಾರಿ ಹಿಡಿಯಿರಿ. ಎಪಿಪಿಗಳ ಮುಂದೆ ದಿನವೂ ರಾಶಿ ಫೈಲು ಇರುತ್ತದೆ. ಸಾಕ್ಷಿ ದಿನಾಂಕಕ್ಕೆ ಮುಂಚೆಯೇ ಅವರನ್ನು ಕಂಡು ಗಾಯದ ಸರ್ಟಿಫಿಕೇಟು, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಇವುಗಳ ನಡುವೆ ಎಲ್ಲಿ ತಾಳೆಯಾಗುತ್ತಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಹೊಡೆದ ಆಯುಧ ಹೇಳಿಕೆಯಲ್ಲಿ ದೊಣ್ಣೆ, ಪಂಚನಾಮೆಯಲ್ಲಿ ರಾಡ್ ಎಂದಿದ್ದರೆ ಎದುರು ಪಕ್ಷದವರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿಯುತ್ತಾರೆ.